ಬೆಳಕು ಮುಂದೆ, ಬಿಸಿ ಹಿಂದೆ

ಉರಿಯುತ್ತಿರುವ ಎಲ್‌ಇಡಿ ದೀಪದ ಕೆಳಗೆ ಕೈ ಹಿಡಿದರೆ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಅದರ ಬೆನ್ನನ್ನು ಮುಟ್ಟಿದರೆ ಗೊತ್ತಾಗುತ್ತದೆ, ಬಿಸಿಯೆಲ್ಲ ಎಲ್ಲಿ ಸೇರಿಕೊಂಡಿದೆ ಎಂದು. ಅಕ್ವೇರಿಯಂಗೆ ತಾವೇ ದೀಪ ಕಟ್ಟಿಕೊಳ್ಳುವ ಹವ್ಯಾಸಿಗಳಿಗೆ ಬಿಡಿ ಎಲ್‌ಇಡಿಗಳನ್ನು ಬೆಸೆದು ಬೆಳಗಿಸುವುದು ಸುಲಭದ ಕೆಲಸ. ಆ ಬೆನ್ನಿನ ಬಿಸಿಗೆ ದಾರಿ ಮಾಡಿಕೊಡುವುದೇ ನಿಜವಾದ ಕಸುಬು.

ಹವಳ ಸಾಕುವವರಿಗೆ ಬಲವಾದ ಬೆಳಕು ಬೇಕೇ ಬೇಕು. ಹವಳದ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಪಾಲು ಕೊಡುತ್ತವೆ. ಹಿಂದೆ ಇದಕ್ಕಾಗಿ 150, 250, 400 ವಾಟ್‌ಗಳ ಮೆಟಲ್ ಹಾಲೈಡ್ ದೀಪಗಳನ್ನು ತೊಟ್ಟಿಯ ಮೇಲೆ ತೂಗುಹಾಕುತ್ತಿದ್ದರು. ಬೆಳಕಿನ ಜೊತೆಗೆ ಅವಕೆಂಪು ಕಿರಣಗಳೂ ಸುರಿದು ನೀರು ಕಾಯುತ್ತಿತ್ತು; ಅದನ್ನು ತಣಿಸಲು ಅನೇಕರು ಬೇರೆಯೇ ಒಂದು ಚಿಲ್ಲರ್ ಓಡಿಸಬೇಕಾಗುತ್ತಿತ್ತು. ಸಮುದ್ರದಲ್ಲಿ ಕೂಡ ಬೇಸಿಗೆಯ ವಾಡಿಕೆಯ ಗರಿಷ್ಠ ತಾಪಕ್ಕಿಂತ 1 ಡಿಗ್ರಿಯಷ್ಟು ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. 1993ರಲ್ಲಿ ಜಪಾನಿನ ಶುಜಿ ನಕಮುರ ರೂಪಿಸಿದ ಪ್ರಖರ ನೀಲಿ ಎಲ್‌ಇಡಿ ಮುಂದೆ ಬಿಳಿ ಎಲ್‌ಇಡಿಗೂ ದಾರಿ ಮಾಡಿತು, 2014ರ ಭೌತವಿಜ್ಞಾನ ನೊಬೆಲ್‌ನಲ್ಲಿ ಅವರಿಗೂ ಪಾಲು ತಂದಿತು. ಇಂದು ಹವಳದ ತೊಟ್ಟಿಗಳನ್ನು ಬೆಳಗುತ್ತಿರುವುದು ಅದೇ ನೀಲಿ ಬೆಳಕಿನ ವಂಶ.

ಹಳೆಯ ಬುರುಡೆ ಬಲ್ಬಿನ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ಗೆ ಕಾಯ್ದು ತನ್ನ ಬಿಸಿಯನ್ನು ಕಿರಣಗಳ ರೂಪದಲ್ಲೇ ಹೊರಚೆಲ್ಲುತ್ತದೆ. ಎಲ್‌ಇಡಿಯ ಚಿಪ್‌ಗೆ ಆ ಸೌಲಭ್ಯವಿಲ್ಲ. ಸಾಮಾನ್ಯವಾಗಿ 125ರಿಂದ 150 ಡಿಗ್ರಿ ಅದರ ಕೊನೆಯ ಮಿತಿ. ಅಷ್ಟು ತಾಪದಲ್ಲಿ ಆ ಪುಟ್ಟ ಚಿಪ್‌ನಿಂದ ಕಿರಣವಾಗಿ ಹೊರಬೀಳುವ ಬಿಸಿ ನಗಣ್ಯ. ಹಾಗಾಗಿ ಬಿಸಿ ಬೆನ್ನ ಹಿಂದಿನ ಲೋಹದ ಮೂಲಕವೇ ಹರಿದು ಹೋಗಬೇಕು.

‘3 ವಾಟ್’ ಎಂದು ಮಾರುವ ಎಲ್‌ಇಡಿಯ ಚಿಪ್ ಸುಮಾರು 1 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. 700 ಮಿಲಿಆಂಪಿಯರ್ ಹರಿಸಿದಾಗ ಅದು ನುಂಗುವ ಸುಮಾರು 2.2 ವಾಟ್‌ನಲ್ಲಿ 40 ಪ್ರತಿಶತ ಬೆಳಕಾಯಿತು ಎಂದುಕೊಂಡರೂ 1.3 ವಾಟ್‌ಗೂ ಹೆಚ್ಚು ಬಿಸಿಯಾಗಿ ಉಳಿಯುತ್ತದೆ. ಮನೆಯ ಸಾವಿರ ವಾಟ್‌ನ ಇಸ್ತ್ರಿ ಪೆಟ್ಟಿಗೆಯ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 5 ವಾಟ್ ಬಿಸಿ ಹಾಯುತ್ತದೆ; ಈ ಚಿಪ್‌ನ ತಳದಲ್ಲಿ ಅದೇ ಲೆಕ್ಕ 130 ವಾಟ್ ದಾಟುತ್ತದೆ.

ಇಂಥ 20 ಎಲ್‌ಇಡಿಗಳ ದೀಪದಿಂದ ಒಟ್ಟು 27 ವಾಟ್‌ನಷ್ಟು ಬಿಸಿ ಹೊರಗೆ ಹೋಗಬೇಕು. ಪ್ರತಿ ವಾಟ್‌ಗೆ 1 ಡಿಗ್ರಿ ಏರುವ ಅಲ್ಯುಮಿನಿಯಂ ಹೀಟ್‌ಸಿಂಕ್ (ಬಿಸಿಯನ್ನು ಗಾಳಿಗೆ ಬಿಡುವ, ರೆಕ್ಕೆಗಳುಳ್ಳ ಲೋಹದ ತುಂಡು) ಬಳಸಿದರೆ ಅದು ಕೋಣೆಯ ಗಾಳಿಗಿಂತ 27 ಡಿಗ್ರಿ ಹೆಚ್ಚು ಕಾಯುತ್ತದೆ. 30 ಡಿಗ್ರಿಯ ಕೋಣೆಯಲ್ಲಿ ಹೀಟ್‌ಸಿಂಕ್ 57ಕ್ಕೆ, ಅದಕ್ಕಿಂತ ಹದಿಮೂರು ಹದಿನಾಲ್ಕು ಡಿಗ್ರಿ ಮೇಲಿರುವ ಚಿಪ್ 70ರ ಆಸುಪಾಸಿಗೆ ನಿಲ್ಲುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ 40 ಮುಟ್ಟಿದರೆ ಚಿಪ್ ಕೂಡ ಹತ್ತು ಡಿಗ್ರಿ ಮೇಲೇರುತ್ತದೆ. ಚಿಪ್ ಹೆಚ್ಚು ಕಾದಷ್ಟೂ ಬೆಳಕು ತಗ್ಗುತ್ತದೆ, ಆಯಸ್ಸು ಕುಗ್ಗುತ್ತದೆ. ಕೆಂಪು ಎಲ್‌ಇಡಿಗಳಲ್ಲಿ ಈ ಇಳಿತ ನೀಲಿಯದಕ್ಕಿಂತ ಜಾಸ್ತಿ.

ಈ ಲೆಕ್ಕವನ್ನು ತಲೆಕೆಳಗು ಮಾಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ಸಂದು. ಬಿಡಿ ಎಲ್‌ಇಡಿಗಳು ಸಾಮಾನ್ಯವಾಗಿ 20 ಮಿಲಿಮೀಟರ್ ವ್ಯಾಸದ, ನಕ್ಷತ್ರದಾಕಾರದ ಅಲ್ಯುಮಿನಿಯಂ ಬಿಲ್ಲೆಯ ಮೇಲೆ ಕೂತು ಬರುತ್ತವೆ. ಆ ಬಿಲ್ಲೆಗೂ ಹೀಟ್‌ಸಿಂಕ್‌ಗೂ ನಡುವೆ 0.1 ಮಿಲಿಮೀಟರ್ ಗಾಳಿ ಉಳಿದರೆ ಚಿಪ್‌ನ ತಾಪ ಇನ್ನೂ 16 ಡಿಗ್ರಿಯಷ್ಟು ಏರುತ್ತದೆ. ಅದೇ ಸಂದಿನಲ್ಲಿ ಸಾಧಾರಣ ಥರ್ಮಲ್ ಪೇಸ್ಟ್ ತುಂಬಿದ್ದರೆ ಏರಿಕೆ ಕಾಲು ಡಿಗ್ರಿಯೂ ಇಲ್ಲ. ಹಾಗೆಂದು ಪೇಸ್ಟನ್ನು ದಪ್ಪಗೆ ಬಳಿಯುವುದೂ ತಪ್ಪು, ಏಕೆಂದರೆ ಶಾಖ ಒಯ್ಯುವುದರಲ್ಲಿ ಪೇಸ್ಟ್ ಲೋಹದ ಹತ್ತಿರಕ್ಕೂ ಬರುವುದಿಲ್ಲ. ಹೀಟ್‌ಸಿಂಕಿನ ಮೈಯನ್ನು ನಯವಾದ ಉಪ್ಪುಕಾಗದದಿಂದ ಸಮ ಮಾಡಿ, ಸ್ಪಿರಿಟ್‌ನಲ್ಲಿ ಒರೆಸಿ, ಬಿಲ್ಲೆಯ ನಡುವೆ ಸಾಸಿವೆಯಷ್ಟು ಪೇಸ್ಟ್ ಇಟ್ಟು ಎರಡು ಸ್ಕ್ರೂಗಳನ್ನು ಸಮನಾಗಿ ಬಿಗಿಯಬೇಕು. ಅಂಚಿನಲ್ಲಿ ಪೇಸ್ಟಿನ ತೆಳುಗೆರೆ ಸುತ್ತಲೂ ಇಣುಕಿದರೆ ಕೆಲಸ ಸರಿಯಾಗಿದೆ ಎಂದರ್ಥ.

ಹೀಟ್‌ಸಿಂಕ್ ತಲುಪಿದ ಬಿಸಿಯನ್ನು ಕೊನೆಗೆ ಗಾಳಿಯೇ ಹೊತ್ತೊಯ್ಯಬೇಕು. ಬಿಸಿಗಾಳಿ ಮೇಲೇರುವುದರಿಂದ ರೆಕ್ಕೆಗಳ ನಡುವಿನ ಸಂದುಗಳು ಮೇಲ್ಮುಖವಾಗಿ ತೆರೆದಿರಬೇಕು. ಅಂದಕ್ಕೆಂದು ದೀಪವನ್ನು ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಕೂರಿಸಿದರೆ ಅಲ್ಲಿನ ಗಾಳಿಯೇ ಕಾಯ್ದು, ಕೋಣೆಯ ತಾಪದಿಂದ ಹಾಕಿದ ಲೆಕ್ಕ ಕೆಡುತ್ತದೆ. ಜಾಗ ಕಡಿಮೆಯಿದ್ದಾಗ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ನೆರವಿಗೆ ಬರುತ್ತದೆ. ಅದನ್ನು 9 ವೋಲ್ಟ್‌ನಲ್ಲಿ ಓಡಿಸಿದರೆ ಸದ್ದು ಇಳಿಯುತ್ತದೆ, ಗಾಳಿ ಆಗಲೂ ಸಾಕಷ್ಟು ಸಿಗುತ್ತದೆ. ಅದು ಎಳೆಯುವ ಗಾಳಿ ಮಾತ್ರ ನೀರಿನ ಮೇಲಿನದ್ದಾಗಿರಬಾರದು. ಸಮುದ್ರದ ನೀರಿನ ತೊಟ್ಟಿಯಲ್ಲಿ ಸಿಡಿಯುವ ಉಪ್ಪುಹನಿ ಫ್ಯಾನಿನ ಬೇರಿಂಗನ್ನೂ ಬೆಸುಗೆಯನ್ನೂ ತಿನ್ನುತ್ತದೆ.

ವಿದ್ಯುತ್ತಿನ ಕಡೆಯೂ ಬಿಸಿಯ ಕೈವಾಡವಿದೆ. ಚಿಪ್ ಕಾದಂತೆ, ಅಷ್ಟೇ ಕರೆಂಟ್ ಹರಿಯಲು ಬೇಕಾದ ವೋಲ್ಟೇಜ್ ಪ್ರತಿ ಡಿಗ್ರಿಗೆ ಕೆಲವು ಮಿಲಿವೋಲ್ಟ್ ಇಳಿಯುತ್ತದೆ. ಸ್ಥಿರ ವೋಲ್ಟೇಜಿಗೆ ನೇರವಾಗಿ ಜೋಡಿಸಿದರೆ ಕಾದ ಚಿಪ್ ಹೆಚ್ಚು ಕರೆಂಟ್ ಎಳೆದು ಇನ್ನಷ್ಟು ಕಾಯುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಅದಕ್ಕೇ ಬಲ್ಲವರು ಹತ್ತು ಹತ್ತು ಎಲ್‌ಇಡಿಗಳ ಎರಡು ಸಾಲು ಮಾಡಿ, ಪ್ರತಿ ಸಾಲಿಗೂ ಸ್ಥಿರ ಕರೆಂಟ್ ಕೊಡುವ ಡ್ರೈವರ್ ಹಾಕುತ್ತಾರೆ. ಆ ಡ್ರೈವರನ್ನು ಹೀಟ್‌ಸಿಂಕಿನಿಂದ ದೂರ, ನೀರು ಸಿಡಿಯದ ಕಡೆ ಇಡುತ್ತಾರೆ.

ದೀಪ ಹಚ್ಚಿದ ಕೂಡಲೇ ತಾಪ ಅಳೆದರೆ ಏನೂ ತಿಳಿಯದು. ಹೀಟ್‌ಸಿಂಕ್ ಪೂರ್ತಿ ಕಾಯಲು ಒಂದು ಗಂಟೆಯಾದರೂ ಬೇಕಾದೀತು. ಆಮೇಲೆ ಮಲ್ಟಿಮೀಟರಿನ ಥರ್ಮೋಕಪಲ್ ತುದಿಯನ್ನು ನಡುವಿನ ಬಿಲ್ಲೆಯ ಪಕ್ಕದಲ್ಲಿ ಒತ್ತಿ ಅಳೆಯಬೇಕು. ಸುತ್ತಲೂ ಎಲ್‌ಇಡಿಗಳಿರುವ ಆ ಜಾಗವೇ ಹೆಚ್ಚು ಕಾಯುತ್ತದೆ. ಫ್ಯಾನ್ ನಂಬಿ ಸಣ್ಣ ಹೀಟ್‌ಸಿಂಕ್ ಬಳಸಿದವರು ಇನ್ನೊಂದು ಸಾಮಾನನ್ನೂ ಸೇರಿಸಬೇಕು: ಅಗ್ಗಕ್ಕೆ ಸಿಗುವ ಕೆಎಸ್‌ಡಿ 301 ಎಂಬ ಬಿಲ್ಲೆಯಂಥ ಉಷ್ಣ ಸ್ವಿಚ್. ಅದರೊಳಗಿನ ದ್ವಿಲೋಹದ ತಟ್ಟೆ ನಿಗದಿತ ತಾಪ ಮುಟ್ಟಿದ ಕ್ಷಣ ಚಟ್ಟನೆ ಬಾಗಿ ಸಂಪರ್ಕ ಕಡಿಯುತ್ತದೆ. 70 ಡಿಗ್ರಿಗೆ ತೆರೆಯುವ ಮಾದರಿಯನ್ನು ಹೀಟ್‌ಸಿಂಕ್‌ಗೆ ಬಿಗಿದು ಡ್ರೈವರಿನ ಸಾಲಿನಲ್ಲಿ ಸೇರಿಸಿದರೆ, ಮನೆಯಲ್ಲಿ ಯಾರೂ ಇಲ್ಲದಾಗ ಫ್ಯಾನ್ ನಿಂತರೂ ಎಲ್‌ಇಡಿಗಳು ಸುಡುವ ಮೊದಲೇ ದೀಪ ಆರುತ್ತದೆ.