ಉಕ್ಕಿನ ದೊರೆ, ಪುಸ್ತಕದ ದಾನಿ

ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಪಟ್ಟಣವು ಒಂದು ಕಾಲಕ್ಕೆ ಕೈಮಗ್ಗದ ಲಿನನ್ ಬಟ್ಟೆಗೆ ಹೆಸರುವಾಸಿಯಾಗಿತ್ತು. ಉಗಿಯಿಂದ ನಡೆಯುವ ಮಗ್ಗಗಳು ಬಂದುವು. ನೇಕಾರರ ಮನೆಗಳಲ್ಲಿ ಲಾಳಿಯ ಸದ್ದು ಅಡಗಿತು. ಹೀಗೆ ಕೆಲಸ ಕಳೆದುಕೊಂಡ ನೇಕಾರನೊಬ್ಬನು 1848ರಲ್ಲಿ ಸಾಲ ಮಾಡಿ, ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಅಮೆರಿಕದ ಹಡಗನ್ನೇರಿದನು. ಹಿರಿಯ ಮಗನಿಗೆ ಆಗ ಹನ್ನೆರಡು ವರ್ಷ. ಅವನೇ ಮುಂದೆ ಉಕ್ಕಿನ ದೊರೆಯೆಂದು ಲೋಕಪ್ರಸಿದ್ಧನಾದ ಆಂಡ್ರೂ ಕಾರ್ನೆಗಿ.

ಪೆನ್ಸಿಲ್ವೇನಿಯಾದ ಹತ್ತಿಗಿರಣಿಯೊಂದರಲ್ಲಿ ಹುಡುಗನಿಗೆ ದೊರೆತ ವಾರದ ಕೂಲಿ 1 ಡಾಲರು 20 ಸೆಂಟು. ತಾಯಿ ಮನೆಯಲ್ಲಿ ಪಾದರಕ್ಷೆ ಹೊಲಿದು ಸಂಸಾರಕ್ಕೆ ನೆರವಾದಳು. ಮುಂದೆ ತಂತಿ ಕಚೇರಿಯಲ್ಲಿ ಓಲೆಕಾರನಾಗಿದ್ದಾಗ ಅವನಿಗೊಂದು ಭಾಗ್ಯ ಒದಗಿತು. ಕರ್ನಲ್ ಆಂಡರ್ಸನ್ ಎಂಬ ಉದಾರಿಯು ತನ್ನ 400 ಪುಸ್ತಕಗಳನ್ನು ಶನಿವಾರಗಳಂದು ದುಡಿಯುವ ಹುಡುಗರಿಗೆ ಎರವಲು ಕೊಡುತ್ತಿದ್ದನು. ತನಗೆಂದಾದರೂ ಐಶ್ವರ್ಯ ಬಂದರೆ ಇಂಥದೇ ಬಾಗಿಲನ್ನು ಇತರರಿಗೂ ತೆರೆಯಬೇಕೆಂದು ಕಾರ್ನೆಗಿ ಅಂದೇ ನಿಶ್ಚಯಿಸಿದನು.

ಐಶ್ವರ್ಯವೇನೋ ಬಂದಿತು. ಆದರೆ ಅದರೊಡನೆ ಅಂತರಂಗದ ತಳಮಳವೂ ಬಂದಿತು. 1868ರಲ್ಲಿ, 33ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಕುಳಿತು ಆತನು ತನಗಾಗಿಯೇ ಒಂದು ಟಿಪ್ಪಣಿ ಬರೆದುಕೊಂಡನು: ಹಣದ ಪೂಜೆ ಮನುಷ್ಯನನ್ನು ಹೀನನನ್ನಾಗಿಸುತ್ತದೆ, ಎರಡು ವರ್ಷಗಳಲ್ಲಿ ವ್ಯಾಪಾರವನ್ನು ತ್ಯಜಿಸಿ ವಿದ್ಯಾವ್ಯಾಸಂಗಕ್ಕೆ ತೊಡಗಬೇಕು. ಆ ಎರಡು ವರ್ಷಗಳು ಮೂವತ್ತಮೂರಾದುವು!

ಗೃಹಜೀವನವೂ ಹಾಗೆಯೇ ಮುಂದೆ ಬಿದ್ದಿತು. ತಾಯಿ ಬದುಕಿರುವ ತನಕ ಆತನು ಮದುವೆಯಾಗಲಿಲ್ಲ. 1886ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ತಮ್ಮನೂ ತಾಯಿಯೂ ತೀರಿಕೊಂಡರು. ಮರುವರ್ಷ, 51ನೆಯ ವಯಸ್ಸಿನಲ್ಲಿ, ಬಹುಕಾಲದಿಂದ ಪರಿಚಿತಳಾಗಿದ್ದ ಲೂಯಿಸ್ ವಿಟ್‌ಫೀಲ್ಡಳನ್ನು ವರಿಸಿದನು. ಗಂಡನ ಸಂಪತ್ತು ದಾನಕ್ಕೆ ಮೀಸಲೆಂದು ತಿಳಿದು, ಆಸ್ತಿಯ ಮೇಲಿನ ಹಕ್ಕನ್ನು ಆಕೆ ವಿವಾಹಕ್ಕೆ ಮೊದಲೇ ಬರಹದ ಮೂಲಕ ಬಿಟ್ಟುಕೊಟ್ಟಿದ್ದಳು. ಸಿರಿವಂತನಾಗಿಯೇ ಸಾಯುವುದು ಅಪಮಾನವೆಂದು ಕಾರ್ನೆಗಿ ಲೋಕಕ್ಕೆ ಸಾರಿದ್ದು 1889ರಲ್ಲಿ.

ಮೂರು ವರ್ಷಗಳು ಕಳೆಯುವಷ್ಟರಲ್ಲಿ ಈ ಮಾತಿಗೆ ಒರೆಗಲ್ಲು ಎದುರಾಯಿತು. ಹೋಮ್‌ಸ್ಟೆಡ್ಡಿನ ಆತನ ಕಾರ್ಖಾನೆಯಲ್ಲಿ ಕೂಲಿ ಇಳಿಸುವ ಪ್ರಯತ್ನ ನಡೆಯಿತು; ಕಾರ್ಮಿಕರ ಸಂಘ ಒಪ್ಪಲಿಲ್ಲ. ಆಡಳಿತ ನೋಡುತ್ತಿದ್ದ ಫ್ರಿಕ್ ಎಂಬಾತನು ಕಾರ್ಖಾನೆಗೆ ಬೀಗ ಹಾಕಿಸಿ, 300 ಮಂದಿ ಖಾಸಗಿ ಕಾವಲುಗಾರರನ್ನು ನದಿಯ ಮೂಲಕ ಕರೆಸಿದನು. 1892ರ ಜುಲೈ 6ರಂದು ಗುಂಡುಗಳು ಹಾರಿದುವು. ಎರಡೂ ಕಡೆ ಹೆಣಗಳು ಬಿದ್ದುವು. ಸಂಘ ಮುರಿಯಿತು. ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿ ವಿಶ್ರಾಂತಿಯಲ್ಲಿದ್ದನು. ಸಂಘ ಕಟ್ಟುವುದು ಕಾರ್ಮಿಕರ ಪವಿತ್ರ ಹಕ್ಕೆಂದು 1886ರಲ್ಲಿ ಬರೆದಿದ್ದವನೂ ಆತನೇ! ಬಾಳಿನಲ್ಲಿ ತನ್ನನ್ನು ಇಷ್ಟು ಆಳವಾಗಿ ನೋಯಿಸಿದ ಸಂಗತಿ ಬೇರೊಂದಿಲ್ಲವೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆದರೂ ಫ್ರಿಕ್ಕನ ಬೆಂಬಲಕ್ಕೆ ಆಗ ಆತನು ನಿಂತಿದ್ದನೆಂಬುದನ್ನು ಮರೆಯುವಂತಿಲ್ಲ.

1901ರಲ್ಲಿ ಉಕ್ಕಿನ ಉದ್ಯಮ 48 ಕೋಟಿ ಡಾಲರುಗಳಿಗೆ ಮಾರಾಟವಾಯಿತು. 1919ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಆತನು ಸುಮಾರು 35 ಕೋಟಿ ಡಾಲರುಗಳನ್ನು ದಾನ ಮಾಡಿದ್ದನು. ಆ ಹಣದಿಂದ ಜಗತ್ತಿನಾದ್ಯಂತ 2,509 ಪುಸ್ತಕಭಂಡಾರಗಳು ಎದ್ದುವು. ಊರವರು ನಿವೇಶನ ಒದಗಿಸಬೇಕು, ಕೊಟ್ಟ ಹಣದ ಹತ್ತರಲ್ಲೊಂದು ಪಾಲನ್ನು ವರ್ಷವರ್ಷವೂ ತಾವೇ ವೆಚ್ಚಮಾಡಬೇಕು ಎಂಬುದು ಸಾಮಾನ್ಯ ಷರತ್ತು. ಬೇಡವೆಂದ ಊರುಗಳೂ ಉಂಟು.

ಹೋಮ್‌ಸ್ಟೆಡ್ಡಿಗೂ 1898ರಲ್ಲಿ ಒಂದು ಭವ್ಯವಾದ ಪುಸ್ತಕಭಂಡಾರ ದೊರೆಯಿತು. ಆದರೆ ಉಕ್ಕಿನ ಕುಲುಮೆಯ ಮುಂದೆ ದಿನಕ್ಕೆ ಹನ್ನೆರಡು ಗಂಟೆ ಬೆಂದವನಿಗೆ ಪುಸ್ತಕ ತೆರೆಯುವ ಚೈತನ್ಯ ಎಲ್ಲಿಂದ ಬರಬೇಕು? ಆಂಡರ್ಸನ್ನನು ಕೊಟ್ಟದ್ದು ತನ್ನ ಕಪಾಟಿನ ಪುಸ್ತಕ; ಕಾರ್ನೆಗಿ ಕೊಟ್ಟುದರಲ್ಲಿ ಆ ದುಡಿಮೆಗಾರರ ಕೂಲಿಯೂ ಸೇರಿತ್ತು. ಅಲ್ಲಿ ಓದಿ ಮೇಲೆ ಬಂದ ಮಕ್ಕಳ ಪಾಲಿಗೆ ಆತನು ಪುಣ್ಯಾತ್ಮನೇ ಸರಿ. ಆದರೆ ಹಿರಿಯರ ದಾನವನ್ನು ಕೊಂಡಾಡುವಾಗ ಕೊಟ್ಟ ಕೈಯನ್ನು ನೋಡಿದಂತೆ, ಆ ಕೈಯನ್ನು ತುಂಬಿದವರನ್ನೂ ನೆನೆಯುವುದು ನ್ಯಾಯ.