ಮೇಜಿನ ಕೆಳಗಿನ ಡಬ್ಬಿ

ತುಮಕೂರಿನಲ್ಲಾಗಲಿ, ಗುಬ್ಬಿ-ಕುಣಿಗಲ್ಲುಗಳಲ್ಲಾಗಲಿ ಖಾಸಗಿ ವೈದ್ಯರು ಚಿಕಿತ್ಸಾಲಯ ತೆರೆಯಬೇಕಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ನೋಂದಣಿ ಪಡೆಯಲೇಬೇಕು. ಜಿಲ್ಲಾ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು.

ಪರಿಶೀಲನೆಗೆ ಬಂದವರ ಕಣ್ಣು ಗೋಡೆಯ ಪ್ರಮಾಣಪತ್ರದಲ್ಲಿಯೇ ನಿಂತುಬಿಡಬಾರದು. ಮೇಜಿನ ಕೆಳಗಿನ ಡಬ್ಬಿಗೂ ಇಳಿಯಬೇಕು. ಬಳಸಿದ ಸೂಜಿ ಚುಚ್ಚಿದರೂ ತೂತಾಗದ ಬಿಳಿಯ ಪಾತ್ರೆಗೂ, ರಕ್ತ ತೊಯ್ದ ಹತ್ತಿ ಹಳದಿ ಚೀಲಕ್ಕೂ ಸೇರಬೇಕೆಂಬುದು 2016ರ ಕೇಂದ್ರ ನಿಯಮ. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಮುನ್ಸೂಚನೆಯಿತ್ತು ಬಂದ ದಿನ ಡಬ್ಬಿಗಳೆಲ್ಲ ಥಳಥಳಿಸುವುದೇನೂ ಆಶ್ಚರ್ಯವಲ್ಲ. ಬೀಗರು ಬರುವ ದಿನ ಅಂಗಳ ಗುಡಿಸದವರುಂಟೆ?

ಒಂದೇ ಸೂಜಿ ಇಬ್ಬರ ಮೈ ಹೊಕ್ಕರೆ ಹೆಪಟೈಟಿಸ್ ಬಿ, ಎಚ್‌ಐವಿ ಸೋಂಕುಗಳು ಹರಡಬಲ್ಲವು. ಅಂದೇ ತಿಳಿಯುವುದೂ ಇಲ್ಲ. ಹಳ್ಳಿಯಿಂದ ಬಂದ ರೈತನಾದರೋ, “ಒಂದು ಇಂಜೆಕ್ಷನ್ ಹಾಕಿ ಸ್ವಾಮಿ” ಎಂದು ತಾನಾಗಿಯೇ ಬೇಡುತ್ತಾನೆ; ಸೂಜಿ ಹೊಸದೇ ಎಂದು ಕೇಳಲು ಮಾತ್ರ ಸಂಕೋಚಪಡುತ್ತಾನೆ.