ಆಟದ ಪಾರ್ಕಿಗೆ ಬಿಸಿಲಿನ ಕರೆಂಟು

ಅಕ್ಕಂದಿರೇ, ನಂಜನಗೂಡಿನ ಜಾತ್ರೆಗೆ ನೀವೆಲ್ಲ ಹೋಗಿದ್ದೀರಿ. ನಾನು ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಮರದ ತೊಟ್ಟಿಲು ಇರುತ್ತಿತ್ತು. ಇಬ್ಬರು ಗಂಡಸರು ಅದನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಈಗ ಕಬ್ಬಿಣದ ದೊಡ್ಡ ಚಕ್ರ ಬರುತ್ತದೆ. ಪಕ್ಕದಲ್ಲಿ ಡೀಸೆಲ್ ಜನರೇಟರು ಗುಡುಗುಡು ಅನ್ನುತ್ತದೆ. ಅದು ನಿಂತರೆ ಚಕ್ರವೂ ನಿಲ್ಲುತ್ತದೆ.

ನಮ್ಮ ಓದುಬರಹದ ಗುಂಪಿನವರು ಒಮ್ಮೆ ಮೈಸೂರಿನ ಜಿ.ಆರ್.ಎಸ್. ಪಾರ್ಕಿಗೆ ಹೋಗಿದ್ದೆವು. ಮಕ್ಕಳು ನೀರಿನಲ್ಲಿ ಜಾರಿದರು. ದೊಡ್ಡವರೂ ಜಾರಿದರು! ಒಬ್ಬ ಅಜ್ಜಿ ಮಾತ್ರ ದಡದಲ್ಲಿ ಕೂತು ನೋಡುತ್ತಿದ್ದರು.

“ಟೀಚರಮ್ಮ, ಇದ್ಕೆಲ್ಲ ಕರೆಂಟ್ ಬಿಲ್ಲು ಎಷ್ಟು ಬತ್ತದೆ?” ಅಂದರು.

ಒಳ್ಳೆಯ ಪ್ರಶ್ನೆ. ಬನ್ನಿ, ಲೆಕ್ಕ ಹಾಕೋಣ.

ಜಾರುಬಂಡೆಯಲ್ಲಿ ನೀರು ಕೆಳಗೆ ತಾನೇ ಬರುತ್ತದೆ. ಆದರೆ ಮೇಲಕ್ಕೆ ಏರಿಸಲು ಮೋಟರು ಬೇಕು. ನಿಮ್ಮ ಗದ್ದೆಯ ಪಂಪ್‌ಸೆಟ್ಟಿನ ಹಾಗೇ. ಎತ್ತರದಿಂದ ಧಡಧಡ ಇಳಿಯುವ ರೈಲೂ ಅಷ್ಟೇ. ಮೇಲೆ ಎಳೆಯುವುದು ಮೋಟರು, ಇಳಿಯುವುದು ತನ್ನ ಭಾರದಿಂದ. ಕೊಳದ ನೀರು ಶುದ್ಧ ಮಾಡಲು ಬೇರೆ ಮೋಟರು.

ಕರೆಂಟನ್ನು ಯೂನಿಟ್ಟಿನಲ್ಲಿ ಅಳೆಯುತ್ತಾರೆ. 10 ಎಚ್.ಪಿ. ಮೋಟರು ಒಂದು ಗಂಟೆ ಓಡಿದರೆ ಸುಮಾರು ಏಳೂವರೆ ಯೂನಿಟ್ ಖರ್ಚು. ನಿಮ್ಮ ಮನೆಯ 9 ವಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 5 ಗಂಟೆ ಉರಿಯುತ್ತದೆ ಅನ್ನಿ. ಅಷ್ಟೇ ಕರೆಂಟಿನಲ್ಲಿ ಅದು ಐದು ತಿಂಗಳು ಉರಿಯುತ್ತದೆ! ದೊಡ್ಡ ಪಾರ್ಕಿನಲ್ಲಿ ಇದಕ್ಕಿಂತ ದೊಡ್ಡ ಮೋಟರುಗಳು ಎಷ್ಟೋ ಇರುತ್ತವೆ.

“ಅಷ್ಟೊಂದು ಕರೆಂಟು ಆಟಕ್ಕಾ?” ಅಂದರು ಅಜ್ಜಿ. ನನಗೂ ಹಾಗೇ ಅನ್ನಿಸಿತ್ತು.

ಆದರೆ ಒಂದು ವಿಷಯ ಗಮನಿಸಿ. ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಹತ್ತುವುದು ಕತ್ತಲಾದ ಮೇಲೆ. ಆಟದ ಪಾರ್ಕು ಹೆಚ್ಚು ಓಡುವುದು ಹಗಲಿನಲ್ಲಿ. ಬಿಸಿಲು ಜೋರಾದಷ್ಟೂ ಜನ ನೀರಿಗೆ ಇಳಿಯುತ್ತಾರೆ. ಸೋಲಾರ್ ಹಲಗೆ ಹೆಚ್ಚು ಕರೆಂಟು ಕೊಡುವುದೂ ಆಗಲೇ. ಹುಟ್ಟಿದ ಕರೆಂಟು ಆಗಿಂದಾಗಲೇ ಖರ್ಚಾಗುತ್ತದೆ. ಕೂಡಿಡಲು ಬ್ಯಾಟರಿ ಬೇಕಿಲ್ಲ.

ಅಮೆರಿಕದ ಫ್ಲೋರಿಡಾದಲ್ಲಿ ಡಿಸ್ನಿ ಪಾರ್ಕು ಇದೆ. 2016ರಲ್ಲಿ ಅದರ ಹತ್ತಿರ 22 ಎಕರೆಯಲ್ಲಿ ಸುಮಾರು 48,000 ಹಲಗೆ ಹಾಕಿದರು. ಮೇಲಿನಿಂದ ನೋಡಿದರೆ ಮಿಕ್ಕಿ ಇಲಿಯ ತಲೆಯಂತೆ ಕಾಣುತ್ತದೆ! ಅದೇ ದೇಶದ ನ್ಯೂಜೆರ್ಸಿಯ ಒಂದು ಪಾರ್ಕಿನವರು ಸೋಲಾರಿಗಾಗಿ ಕಾಡು ಕಡಿಯಲು ಹೊರಟಿದ್ದರು. ಜನ ಬಿಡಲಿಲ್ಲ. ಕೊನೆಗೆ ಕಡಿಯುವ ಜಾಗ ಕಡಿಮೆಯಾಯಿತು. ಕಾರು ನಿಲ್ಲುವ ಜಾಗಕ್ಕೂ ಹಲಗೆಯ ಚಾವಣಿ ಹಾಕಿದರು. ಕಾರಿಗೆ ನೆರಳು, ಪಾರ್ಕಿಗೆ ಕರೆಂಟು.

ದೂರದ ಮಾತು ಸಾಕು. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲೂ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಲಗೆಗಳಿವೆ. ಆ ಭೂಮಿಯನ್ನು ರೈತರು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು.

ಇನ್ನು ನಮ್ಮ ಮನೆ. ಟಿ. ನರಸೀಪುರದ ಕಡೆಯ ಒಂದು ಸಂಘಕ್ಕೆ ಒಬ್ಬ ಬಂದಿದ್ದ. “ಸಾಲ ಮಾಡಿ ಸೋಲಾರ್ ಹಾಕಿಸಿ. ಕರೆಂಟು ಹೋಗೋದೇ ಇಲ್ಲ” ಅಂದ. ನಾನೂ ನಂಬಿದೆ. ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ. ಆಮೇಲೆ ಪರಿಚಯದ ಲೈನ್‌ಮನ್ ಒಬ್ಬರು ತಿಳಿಸಿ ಹೇಳಿದರು.

ಕಂಬದ ಲೈನಿಗೆ ಸೇರಿಸಿದ ಸೋಲಾರಿಗೆ ಬ್ಯಾಟರಿ ಇಲ್ಲದಿದ್ದರೆ, ಲೈನು ಹೋದಾಗ ಅದೂ ನಿಲ್ಲುತ್ತದೆ. ಹಾಗೆ ನಿಲ್ಲಲೇಬೇಕು. ಇಲ್ಲದಿದ್ದರೆ ನಮ್ಮ ಚಾವಣಿಯ ಕರೆಂಟು ತಂತಿಗೆ ಹರಿದು, ಕಂಬ ಹತ್ತಿದವರ ಜೀವ ಹೋಗುತ್ತದೆ. ಕತ್ತಲಲ್ಲಿ ಮಗಳು ಓದಬೇಕೆಂದರೆ ಬ್ಯಾಟರಿ ಇರುವ ಸೋಲಾರೇ ಬೇಕು.

2024ರ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಮನೆಯ ಮೇಲೆ 1 ಕಿಲೋವಾಟ್ ಹಾಕಿಸಿದರೆ 30,000 ರೂಪಾಯಿ, 2 ಕಿಲೋವಾಟಿಗೆ 60,000 ರೂಪಾಯಿ ಸಹಾಯಧನವಿದೆ. 1 ಕಿಲೋವಾಟಿಗೆ ಸುಮಾರು 100 ಚದರ ಅಡಿ ಜಾಗ ಬೇಕು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ನಾಲ್ಕು ಯೂನಿಟ್ ಬರುತ್ತದೆ. ಆದರೆ ನಿಮ್ಮ ಬಿಲ್ಲು ತೆಗೆದು ಓದಿ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾಗಿದ್ದರೆ, ಬಿಲ್ಲು ಉಳಿಸಲೆಂದು ಸಾಲ ಏಕೆ?

ಆ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಹಂಗಾದ್ರೆ ಮನೆಗೆ ಬ್ಯಾಡ ಬುಡವ್ವ. ನಮ್ಮ ಸಂಘದ ಹಿಟ್ಟಿನ ಮಿಲ್ಲು ಹಗಲೊತ್ತೇ ಅಲ್ವಾ ಓಡೋದು?” ಅಂದರು.

ಹೌದಲ್ಲ! ಪಾರ್ಕಿನ ಮೋಟರಿನ ಹಾಗೇ. ಸೂರ್ಯ ಘರ್ ಹಣ ಮನೆಗಳಿಗೆ ಮಾತ್ರ, ಮಿಲ್ಲಿಗೆ ಸಿಗುವುದಿಲ್ಲ. ಅದಕ್ಕೇ ಮಿಲ್ಲಿನ ಒಂದು ವರ್ಷದ ಬಿಲ್ಲುಗಳನ್ನೆಲ್ಲ ಒಟ್ಟು ಮಾಡಿದ್ದೇವೆ. ಯೂನಿಟ್ ಕೂಡುವ ಕೆಲಸ ಈಗ ನಮ್ಮ ಗುಂಪಿನ ಅಕ್ಕಂದಿರದ್ದೇ.